ಚಿಕ್ಕಪ್ಪನ ಏಕಾದಶಿಗೆ ಬಬಲ್ ಟೀ

ನಮ್ಮ ಚಿಕ್ಕಪ್ಪ ಉಪವಾಸ ಮಾಡಿ ಮಾಡಿಯೇ ದಪ್ಪಗಾದವರು. ನಂಬಿಕೆ ಬರುವುದಿಲ್ಲವೇ? ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಅವರ ಬೆಲ್ಟಿನ ಹೊಸ ತೂತುಗಳನ್ನು ನೋಡಿ.

ಇಲ್ಲಿನ ಗಣಿಗಳಲ್ಲಿ ಕಲ್ಲು ಕುಟ್ಟಿ ನಿವೃತ್ತರಾದ ಭೂವಿಜ್ಞಾನಿ ಅವರು. ದೇವರನ್ನು ನಂಬಿದವರಲ್ಲ, ತಿಂಡಿಯನ್ನು ನಂಬಿದವರು. ಏಕಾದಶಿ ಏನಿದ್ದರೂ ಚಿಕ್ಕಮ್ಮನ ಇಲಾಖೆ. ಮದುವೆಯಾದಂದಿನಿಂದ ಒಂದನ್ನೂ ತಪ್ಪಿಸಿರಲಿಲ್ಲ. ಹೋದ ವರ್ಷ ಅವರಿಗೆ ಇನ್ಸುಲಿನ್ ಶುರುವಾಯಿತು, ಡಾಕ್ಟರು ಉಪವಾಸ ಕೂಡದೆಂದರು. ಚಿಕ್ಕಮ್ಮ ಆಗಲಿ ಎಂದು ತಲೆಯಾಡಿಸಿ ಬಂದು, ಗುಟ್ಟಾಗಿ ಉಪವಾಸವಿದ್ದು, ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದರು. ಆಗ ಚಿಕ್ಕಪ್ಪ ಹೇಳಿದರು: "ನಿನ್ನ ಪಾಲಿನ ಉಪವಾಸ ನಾನು ಮಾಡ್ತೀನಿ. ನೀನು ತಪ್ಪದೆ ಊಟ ಮಾಡು." ಚಿಕ್ಕಮ್ಮ ಒಪ್ಪಿದರು. ಆದರೆ ಗಂಟೆಗೊಮ್ಮೆ ಡಬ್ಬಿ ತೆಗೆಯುವ ಈ ಮಹಾನುಭಾವರು ಎಷ್ಟು ದಿನ ತಡೆದಾರು?

ಮೊದಲ ಏಕಾದಶಿಯಂದು ಬೆಳಿಗ್ಗೆ ಹತ್ತಕ್ಕೇ ಅವರ ಕಣ್ಣು ಕತ್ತಲಿಟ್ಟಿತು. ಗಾಳಿಗೆಂದು ನನ್ನನ್ನು ಕರೆದುಕೊಂಡು ಥಾರ್ನ್ಲಿಯ ಶಾಪಿಂಗ್ ಸೆಂಟರಿಗೆ ಹೊರಟರು. ಅಲ್ಲೊಂದು ಬಬಲ್ ಟೀ ಅಂಗಡಿ. ಲೋಟದ ತಳದಲ್ಲಿರುವ ಕಪ್ಪು ಗುಂಡುಗಳೇನೆಂದು ಕೌಂಟರಿನ ತೈವಾನ್ ಹುಡುಗಿಯನ್ನು ಕೇಳಿದರು. ಮರಗೆಣಸಿನ ಹಿಟ್ಟಿನವು ಎಂದಳು. ಒಂದನ್ನು ಅಂಗೈ ಮೇಲಿಟ್ಟುಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದು, ಅದಿರಿನ ಚೂರಿನಂತೆ ತಿರುಗಿಸಿ ನೋಡಿದರು.

"ಸಬ್ಬಕ್ಕಿ ಕಣೋ ಇದು, ಅದೂ ಮರಗೆಣಸಿಂದೇ. ಉಪವಾಸಕ್ಕೆ ನಡೆಯುತ್ತೆ."

"ಚಿಕ್ಕಪ್ಪ, ಇದು ಟೀ."

"ಸಬ್ಬಕ್ಕಿ ಪಾಯಸಕ್ಕೆ ಸ್ಟ್ರಾ ಹಾಕಿದಾರೆ, ಅಷ್ಟೇ."

ಆಮೇಲೆ ಆ ಹುಡುಗಿಗೆ ಏಕಾದಶಿಯ ಪಾಠವಾಯಿತು. ಅವಳು ನಕ್ಕು, ತನ್ನ ಅಜ್ಜಿಯೂ ಚಾಂದ್ರಮಾನ ತಿಂಗಳ ಮೊದಲನೆಯ ದಿನ, ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲವೆಂದಳು. ತಗೋ, ಚಿಕ್ಕಪ್ಪನಿಗೆ ಶಾಸ್ತ್ರಾಧಾರವೇ ಸಿಕ್ಕಿಬಿಟ್ಟಿತು! ಅಂದಿನಿಂದ ಪ್ರತಿ ಏಕಾದಶಿಗೆ ಮೂರು ಲೋಟ, ಮೂರೂ ಲಾರ್ಜ್, ಗುಂಡು ಡಬಲ್. ಚಿಕ್ಕಮ್ಮ ಅನ್ನ ಸಾರು ಉಣ್ಣುವಾಗ ಎದುರಿಗೆ ಕೂತು ದಪ್ಪ ಸ್ಟ್ರಾದಲ್ಲಿ ಸೊರ್ರೆಂದು ವ್ರತ ಆಚರಿಸುತ್ತಿದ್ದರು.

"ಉಪವಾಸಕ್ಕೆ ಇಷ್ಟೊಂದು ಸಕ್ಕರೆ ಬೇಕಿತ್ತಾ?" ಎಂದು ಚಿಕ್ಕಮ್ಮ ಕೇಳಿದರೆ, "ನಿನ್ನ ಪಾಲಿಂದೂ ನಾನೇ ತಿನ್ನಬೇಕಲ್ಲ" ಎನ್ನುತ್ತಿದ್ದರು.

ಮೊನ್ನೆ ಚಿಕ್ಕಮ್ಮನ ರಕ್ತಪರೀಕ್ಷೆಯ ರಿಪೋರ್ಟು ಬಂತು, ಚೆನ್ನಾಗಿರಲಿಲ್ಲ. ಮರುದಿನವೇ ಏಕಾದಶಿ. ಇಂಜೆಕ್ಷನ್ ತೆಗೆದುಕೊಂಡು ತಟ್ಟೆಯ ಮುಂದೆ ಕೂತವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮ ಲೋಟದ ಉಪವಾಸ ದೇವರಿಗೆ ಸೇರ್ತಿಲ್ಲ ಅನ್ಸುತ್ತೆ. ಇವತ್ತು ನಾನೇ ಇರ್ತೀನಿ." ಇಂಜೆಕ್ಷನ್ ಮೇಲೆ ಉಣ್ಣದಿದ್ದರೆ ಮತ್ತೆ ತಲೆಸುತ್ತಿ ಬೀಳುವುದೇ.

ಚಿಕ್ಕಪ್ಪ ವಾದಕ್ಕಿಳಿಯಲಿಲ್ಲ. ಮೂರು ಲೋಟಗಳನ್ನೂ ಸಿಂಕಿಗೆ ಸುರಿದು ಬಂದರು. "ಇವತ್ತು ನೀರೂ ಮುಟ್ಟಲ್ಲ. ಊಟ ಮಾಡು," ಎಂದು ತಟ್ಟೆಯನ್ನು ಹತ್ತಿರ ತಳ್ಳಿದರು. ಚಿಕ್ಕಮ್ಮ ಅವರ ಮುಖ ನೋಡಿ ಅನ್ನ ಕಲಸಿದರು. ಅವರು ಉಂಡು ಕೈ ತೊಳೆಯುವವರೆಗೂ ಚಿಕ್ಕಪ್ಪ ಕದಲಲಿಲ್ಲ.

ಸಂಜೆ ಅವರು ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಸುಮ್ಮನಿರಲಾರದೆ ಕೇಳಿದೆ, "ಚಿಕ್ಕಮ್ಮ ಉಂಡರೆ ನಿಮ್ಮ ಹೊಟ್ಟೆ ತುಂಬುತ್ತಾ?"

"ಎಲ್ಲಿ ತುಂಬುತ್ತೋ, ಪ್ರಾಣ ಹೋಗ್ತಿದೆ," ಎಂದರು ಕಣ್ಣು ತೆರೆಯದೆ. "ಆದ್ರೆ ಅವಳು ಉಂಡಳಲ್ಲ."