ಹೆಣ್ಣು ನೋಡಲು ಹೋದ ಲ್ಯಾಪ್‌ಟಾಪ್

ಸಿದ್ದಲಿಂಗೇಶನನ್ನು ಎರಡು ಹೆಣ್ಣಿನ ಮನೆಯವರು ಆಗಲೇ ಬೇಡ ಅಂದಿದ್ದರು. ಮೂರನೆಯ ಹೆಣ್ಣು ಕಲ್ಯಾಣದುರ್ಗದ್ದು, ನೋಡುವ ಶಾಸ್ತ್ರ ಅವತ್ತೇ ನಾಲ್ಕು ಗಂಟೆಗೆ. ಇದೂ ತಪ್ಪಿದರೆ ಅನ್ನ ನೀರು ಬಿಡುತ್ತೇನೆಂದು ಅವನ ಅವ್ವ ಹೇಳಿಬಿಟ್ಟಿದ್ದಳು. ಶುಭಕ್ಕೆ ಹೊರಡುವ ಮುಂಚೆ ಎಲ್ಲ ಒಪ್ಪವಾಗಿರಲಿ ಅಂತ ಅವನು ಹಿಂದಿನ ಸಂಜೆ, ತಾನು ಕಂಪ್ಯೂಟರ್ ನೋಡಿಕೊಳ್ಳುವ ಹಿಂದೂಪುರದ ಹುಣಸೆ ಮಂಡಿಯ ಹರಾಜಿನ ಪ್ರೋಗ್ರಾಮುಗಳನ್ನು ಬೇರೆ ಬೇರೆ ಮಾಡಿ ಜೋಡಿಸಿಟ್ಟ. ಆ ಒಪ್ಪವೇ ಮುಳುವಾಯಿತು.

ಬೆಳಿಗ್ಗೆ ನೋಡಿದರೆ, ತೂಕದ ಪ್ರೋಗ್ರಾಂ ರೇಟಿನ ಪ್ರೋಗ್ರಾಮನ್ನು ಹೆಸರು ಹಿಡಿದು ಕರೆಯುತ್ತಿದೆ, ಅಂಥ ಹೆಸರಿನವರು ಯಾರೂ ಇಲ್ಲವೆಂದು ಉತ್ತರ ಬರುತ್ತಿದೆ. ಎರಡೂ ಇರುವುದು ಒಂದೇ ಕ್ಲಸ್ಟರಿನ, ಅಂದರೆ ಒಂದೇ ಕಂಪ್ಯೂಟರ್ ಗುಂಪಿನ, ಕಂಟೇನರು ಎಂಬ ಡಬ್ಬಿಗಳಲ್ಲಿ. ಹೆಸರು ಕೇಳಿ ವಿಳಾಸ ಹೇಳುವ ಡಿಎನ್‌ಎಸ್ಸನ್ನು ಎರಡು ಸಲ ರೀಸ್ಟಾರ್ಟ್ ಮಾಡಿದ. ಊಹೂಂ. ತಾನು ಮಾಡಿದ್ದರ ಮೇಲೆ ತನಗೇ ಅನುಮಾನ ಬರುವುದು ಯಾರಿಗೆ ತಾನೇ ಅಭ್ಯಾಸ?

ಮಂಡಿಯ ಸಾಹುಕಾರ ಜಯಣ್ಣ ಬೆನ್ನ ಹಿಂದೆ ಬಂದು ನಿಂತರು. "ಐದಕ್ಕೆ ಹರಾಜು ಕಣ್ಲಾ. ರೇಟು ಕಾಣ್ದೆ ಯಾವನು ಕೂಗ್ತಾನೆ?"

ತೂಕ ಹಾಕುವ ಉಜ್ಜಿನಪ್ಪನೂ ಬಂದ. "ಹೆಸ್ರು ಹಿಡ್ಕಂಡು ಯಾಕಪ್ಪ ಅಲೀತೀಯ? ಮನೆ ನಂಬರ್ ಬರ್ಕಂಡು ಸೀದಾ ಹೋಗ್ಬುಡು."

ಅದು ನಿಲ್ಲುವ ಉಪಾಯವಲ್ಲವೆಂದು ಸಿದ್ದಲಿಂಗೇಶನಿಗೆ ಗೊತ್ತಿತ್ತು. ಕಂಟೇನರು ಬಾಡಿಗೆದಾರನ ಜಾತಿ, ಆಫ್ ಆಗಿ ಎದ್ದರೆ ಬೇರೆ ನಂಬರಿಗೆ ಹೋಗಿಬಿಡುತ್ತದೆ. ಆದರೆ ಬಸ್ಸು ಹೊರಡುವ ಹೊತ್ತು. ಹೆಸರಿನ ಜಾಗದಲ್ಲಿ ವಿಳಾಸದ ನಂಬರು ಬರೆದ, ರೇಟು ಕಾಣಿಸಿತು. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಓಡಿದ.

ಪೆನುಕೊಂಡ ದಾಟುವಷ್ಟರಲ್ಲಿ ಜಯಣ್ಣನವರ ಫೋನು. "ಮತ್ತೆ ಹೋಯ್ತು ಕಣೋ. ಇನ್ನೂ ಜೋರಾಗಿ ಓಡ್ಲಿ ಅಂತ ಉಜ್ಜಿನಪ್ಪ ಆಫ್ ಮಾಡಿ ಆನ್ ಮಾಡ್ಬುಟ್ಟ. ಐದ್ರೊಳಗೆ ಸರಿ ಮಾಡು, ಇಲ್ದಿದ್ರೆ ನಾಳೆಯಿಂದ ಬರ್ಬ್ಯಾಡ."

ಹೀಗಾಗಿ ಕಲ್ಯಾಣದುರ್ಗದಲ್ಲಿ ಹೆಣ್ಣಿನ ತಂದೆ ಈರಲಿಂಗಪ್ಪನವರ ನಡುಮನೆಯಲ್ಲಿ, ಹುಡುಗಿಯ ಮುಖ ನೋಡಬೇಕಾದವನು ಲ್ಯಾಪ್‌ಟಾಪ್ ಮುಖ ನೋಡುತ್ತಾ ಕೂತ. ಮುಂದಿದ್ದ ಬೋಂಡಾ ಆರಿತು. ಗಂಟೆ ನಾಲ್ಕೂ ನಲವತ್ತು. ಪಾಪ, ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು.

ಕಾಫಿ ತಂದ ಹುಡುಗಿ ರಶ್ಮಿ ಬಗ್ಗಿ ನೋಡಿದಳು. ಅನಂತಪುರದಲ್ಲಿ ಇದೇ ಕಂಪ್ಯೂಟರ್ ವಿದ್ಯೆ ಓದಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದವಳು. "ರೇಟಿನ ಪ್ರೋಗ್ರಾಮ್ನ ಬೇರೆ ನೇಮ್‌ಸ್ಪೇಸಿಗೆ ಯಾವಾಗ ಹಾಕಿದ್ರಿ?"

"ನೆನ್ನೆ. ಒಪ್ಪವಾಗಿರ್ಲಿ ಅಂತ."

"ಅದೇ ಮತ್ತೆ. ನೇಮ್‌ಸ್ಪೇಸ್ ಅಂದ್ರೆ ಒಂದೊಂದು ಊರಿದ್ದಂಗೆ. ಕೊಡಿಕೊಂಡದಾಗೆ ಬೈಲಪ್ಪ ಅಂದ್ರೆ ಸಾಕು. ಇಲ್ಲಿಂದ ಕರೀಬೇಕಂದ್ರೆ ಕೊಡಿಕೊಂಡದ ಬೈಲಪ್ಪ ಅನ್ಬೇಕಲ್ವಾ? ಇದ್ರಾಗೂ ಹಂಗೇ, ಪೂರ್ತಿ ಹೆಸ್ರು ಬರೀಬೇಕು."

ನಂಬರು ಅಳಿಸಿ ಒಂದು ಸಾಲು ಬರೆದಳು. ರೇಟು ಬಂತು. ಸಿದ್ದಲಿಂಗೇಶನಿಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಬುದ್ಧಿ ಎಲ್ಲಿ? ಜಯಣ್ಣನಿಗೆ ಫೋನು ಮಾಡಿ, "ನಾನಲ್ಲ ಸಾಹುಕಾರ್ರೇ, ಹುಡುಗೀನೇ ಎರಡು ನಿಮಿಷದಾಗೆ ಸರಿ ಮಾಡಿದ್ದು" ಅಂತ ಹೆಮ್ಮೆಯಿಂದ ಹೇಳಿಕೊಂಡ.

"ಹೌದಾ? ಆ ಅಮ್ಮಾಯಿಗೆ ಕೊಡು ಫೋನು."

ರಶ್ಮಿ ಕೇಳಿಸಿಕೊಂಡಳು. "ಆಗ್ಲಿ ಸಾರ್. ಸೋಮವಾರದಿಂದ ಬತ್ತೀನಿ" ಅಂದು ಫೋನು ತಿರುಗಿ ಕೊಟ್ಟಳು.

"ನಿನ್ ಕೆಲ್ಸ ಆ ಅಮ್ಮಾಯಿಗೆ ಕೊಟ್ಬುಟ್ಟೆ ಕಣಪ್ಪ," ಅಂದರು ಜಯಣ್ಣ, ನಡುಮನೆಗೆಲ್ಲ ಕೇಳುವ ಹಾಗೆ. "ಬೇಜಾರ್ ಮಾಡ್ಕೋಬ್ಯಾಡ."

ಸಿದ್ದಲಿಂಗೇಶ ಫೋನು ಕೆಳಗಿಟ್ಟ. ಈರಲಿಂಗಪ್ಪನವರು ಬೋಂಡಾ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿ, ಕೇಳಿದರು: "ಹುಡುಗಿ ಒಪ್ಪಿಗೇನಾ?"

"ತುಂಬಾ ಒಪ್ಪಿಗೆ," ಅಂದ ಸಿದ್ದಲಿಂಗೇಶ.

"ನಮ್ಗೂ ನೀವು ಒಪ್ಪಿಗೇನೇ," ಅಂದರು ಅವರು ನೊಂದುಕೊಂಡು. "ಆದ್ರೆ ಕೆಲ್ಸ ಇಲ್ದಿರೋ ಗಂಡಿಗೆ ಹೆಣ್ಣು ಹೆಂಗಪ್ಪ ಕೊಡೋದು, ನೀವೇ ಹೇಳಿ."