ಸರ್ವರಿಗೆ ಬಂದ ಪತ್ರ

ಯಂತ್ರ ನೋಡಿಕೊಳ್ಳಲೆಂದು ಕೆಲಸಕ್ಕೆ ಸೇರಿದವನು ನಾನು. ಆದರೆ ದೇಶಪಾಂಡೆ ನಗರದ ಆ ಸಣ್ಣ ಕಚೇರಿಯಲ್ಲಿ ನನ್ನನ್ನು ಸುಸ್ತು ಮಾಡಿ, ನಗಿಸಿ ಮನೆಗೆ ಕಳಿಸುತ್ತಿದ್ದವರು ಮನುಷ್ಯರೇ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕಾಲೇಜುಗಳ ಫಲಿತಾಂಶವನ್ನು ಇಂಟರ್ನೆಟ್ಟಿಗೆ ಹಾಕುವುದು ನಮ್ಮ ಉದ್ಯೋಗ.

ಬಿದ್ದ ಸರ್ವರ್

ಫಲಿತಾಂಶದ ದಿನ ಬೆಳಿಗ್ಗೆಯೇ ವೆಬ್‌ಸೈಟ್ ನಿಂತಿತು. "ಸರ್ವರ್ ಬಿದ್ದದರಿ" ಎಂದು ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಅದನ್ನು ಕೇಳಿಸಿಕೊಂಡ ನಮ್ಮ ಕಚೇರಿಯ ಜವಾನ, ಸಿಪಾಯಿ ಕಾಕಾ, ಸರ್ವರ್ ಯಂತ್ರವಿದ್ದ ಒಳಕೋಣೆಗೆ ಓಡಿಹೋಗಿ ಬಂದರು.

"ಬಿದ್ದಿಲ್ಲರಿ ಸರ್, ಇಟ್ಟಲ್ಲೇ ಐತಿ. ಆದ್ರೂ ಇರ್ಲಿ ಅಂತ ಗ್ವಾಡಿಗೆ ಸರಿಸೇನಿ."

ಸರಿಸುವಾಗ ವಾಯರು ಕಿತ್ತುಬಂದಿತ್ತು. ಅರ್ಧ ಸತ್ತದ್ದು ಪೂರ್ತಿ ಸತ್ತಿತು.

ಶತ್ರು ಯಾರು

ವಾಯರು ಸಿಕ್ಕಿಸಿ ಮತ್ತೆ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಹೀಗೇ ನಾಲ್ಕು ಸಲ. ಸರ್ವರಿನ ಸಾಫ್ಟ್‌ವೇರಿನಲ್ಲಿ ಒಂದು ದೋಷವಿದೆ ಎಂದು ಓದಿದ್ದೆ. ಯಾರಾದರೂ ವೆಬ್‌ಸೈಟಿನ ಖಾನೆಯಲ್ಲಿ ವಿಪರೀತ ಉದ್ದದ ಕೋರಿಕೆ ಬರೆದು ಕಳಿಸಿದರೆ ಅದು ತಾಳಲಾರದೆ ನಿಂತುಬಿಡುತ್ತದೆ; ಉಳಿದ ಯಾರಿಗೂ ಉತ್ತರ ಸಿಗುವುದಿಲ್ಲ.

ಅಷ್ಟರಲ್ಲಿ ಸಾಹೇಬರೇ ಬಂದರು. "ಯಾರೋ ಬೇಕಂತಲೇ ಮಾಡಾಕತ್ತಾರರಿ" ಎಂದೆ.

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ನನ್ನ ಮ್ಯಾಲೆ ಅಷ್ಟು ಸಿಟ್ಟಿರೋದು ನಮ್ಮ ಅಳಿಯಗ ಒಬ್ಬವಗ. ಆದ್ರ ಅವಗ ಟೈಪ್ ಮಾಡಾಕ ಬರೂದಿಲ್ಲ."

ಉದ್ದನೆಯ ಕೋರಿಕೆ

ಕೊನೆಗೆ ಸರ್ವರಿನ ದಾಖಲೆ ತೆಗೆದು ನೋಡಿದೆ. ಪರೀಕ್ಷೆಯ ನಂಬರ್ ಬರೆಯುವ ಖಾನೆಯಲ್ಲಿ ಯಾರೋ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದರು:

"ಮಾನ್ಯರೇ, ನಾನು ಶಿರಗುಪ್ಪಿಯ ನಿವೃತ್ತ ಶಿಕ್ಷಕ. ನನ್ನ ಮೊಮ್ಮಗಳು ಕಳೆದ ಸಲ ಗಣಿತದಲ್ಲಿ ನಪಾಸಾಗಿ ಮೂರು ದಿನ ಊಟ ಮಾಡಲಿಲ್ಲ. ಈ ಸಲವೂ ಹಾಗಾಗಿದ್ದರೆ ದಯವಿಟ್ಟು ಮೊದಲು ನನಗೆ ತಿಳಿಸಿರಿ. ನಾನು ಆಕೆಗೆ ನಿಧಾನವಾಗಿ ಹೇಳುವೆನು..."

ಹೀಗೇ ಎರಡು ಪುಟ. ಕೊನೆಯಲ್ಲಿ ಹುಡುಗಿಯ ಪರೀಕ್ಷೆಯ ನಂಬರು, ತಾವು ಕುಳಿತಿದ್ದ ಇಂಟರ್ನೆಟ್ ಅಂಗಡಿಯ ಫೋನು. ಉತ್ತರ ಬಾರದೆ ಪ್ರತಿ ಸಲವೂ "ಹಿಂದಿನ ಪತ್ರ ತಮಗೆ ತಲುಪಿದಂತಿಲ್ಲ" ಎಂದು ಸೇರಿಸಿ ಮತ್ತೆ ಕಳಿಸಿದ್ದರು. ಕಳಿಸಿದಾಗಲೆಲ್ಲ ಸರ್ವರ್ ನಿಂತಿತ್ತು.

ಹುಡುಗಿಯ ಅಂಕಗಳನ್ನು ತೆಗೆದು ಎರಡೆರಡು ಸಲ ನೋಡಿದೆ. ಅಂಗಡಿಗೆ ಫೋನು ಮಾಡಿ ಮಾಸ್ತರರನ್ನು ಕರೆಸಿದೆ.

"ಪಾಸಾಗ್ಯಾಳರಿ ಮಾಸ್ತರ. ಗಣಿತದಾಗ ಅರವತ್ತೆರಡು."

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, "ನಿಮ್ಮ ಉಪಕಾರ ಮರೆಯೂದಿಲ್ಲಪಾ. ಈಗ ಇಲ್ಲೇ ಕುಂತು, ಆ ನಂಬರಿನ ಖಾನೆದಾಗನ ಒಂದು ಧನ್ಯವಾದದ ಪತ್ರ ಕಳಸ್ತೇನಿ. ಈ ಸಲ ಸವಿಸ್ತಾರ ಬರೀತೇನಿ."

ನಾನು ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಮಾಸ್ತರ, ನಿಮ್ಮ ಕಾಲ ಬೀಳ್ತೇನಿ, ಅದನ್ನ ಟಪಾಲಿಗೆ ಹಾಕ್ರಿ" ಎಂದೆ.