ಸಾಹಿತಿಗಳ ಭಾಷಣಕ್ಕೆ ಮಾಮ ಎದ್ದು ನಿಂತದ್ದು

ನನ್ನ ಸೋದರಮಾವನಿಗೆ ಬಟ್ಟೆ ಮಾರುವುದೆಂದರೆ ಮೈಯುರಿ. ಅವರ ಉದ್ಯೋಗವೇ ಬಟ್ಟೆ ಮಾರುವುದು! ಕತಾರಿನ ದೋಹಾದಲ್ಲಿ, ಸೂಕ್ ವಾಕಿಫ್ ಎಂಬ ಹಳೇ ಪೇಟೆಯಲ್ಲಿ ಅವರದೊಂದು ಪುಟ್ಟ ಅಂಗಡಿ. ಅಲ್ಲಿ ಕೂತು ಅವರು ಮಾಡುತ್ತಿದ್ದದ್ದು ಕನ್ನಡ ಕಾದಂಬರಿ ಓದುವ ಕೆಲಸ. ಕತೆ ರಂಗೇರಿದಾಗ ಗಿರಾಕಿ ಬಂದರೆ "ಮಾಫಿ! ಖಲಾಸ್!" ಎಂದುಬಿಡುವರು. ಅರಬಿಯಲ್ಲಿ ಹಾಗೆಂದರೆ ಇಲ್ಲ, ಮುಗೀತು, ಹೋಗಿ! ಒಮ್ಮೆ ಒಬ್ಬ ಅರಬ್ ಹೆಂಗಸು ಅವರ ತಲೆಯ ಮೇಲಿನ ಹಲಗೆಯಲ್ಲೇ ಇದ್ದ ರೇಷ್ಮೆ ಬಟ್ಟೆಯ ಸುರುಳಿಯನ್ನು ತೋರಿಸಿ, ಹಾಗಾದರೆ ಅದೇನು ಎಂದು ಕೇಳಿದಳು. ಮಾಮ ಪುಟದಿಂದ ಕಣ್ಣೆತ್ತದೆ "ಅದೂ ಮಾಫಿ" ಎಂದರು. ಹತ್ತು ನಿಮಿಷಕ್ಕೆ ಅಧ್ಯಾಯ ಮುಗಿಯಿತು ನೋಡಿ, ಅದೇ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಸೂಕಿನ ಗಲ್ಲಿಗಲ್ಲಿಯಲ್ಲಿ ಅವಳನ್ನು ಹುಡುಕುತ್ತಾ ಓಡಿದರು!

ಓದುತ್ತಿದ್ದದ್ದಾದರೂ ಯಾರನ್ನು? ಒಬ್ಬರನ್ನೇ. ಹೆಸರು ಬೇಡ, ಸಾಹಿತಿಗಳು ಎಂದರೆ ಸಾಕು, ಬಹಳ ದೊಡ್ಡವರು. ಅವರ ಒಂದು ಕಾದಂಬರಿಯಲ್ಲಿ ನಾಯಕಿ ಬಿಳಿ ಸೀರೆ ಉಟ್ಟು ಬಸ್ಸು ಹತ್ತಿ, ಎರಡೇ ಪುಟದಲ್ಲಿ ಹಸಿರು ಸೀರೆಯಲ್ಲಿ ಇಳಿಯುತ್ತಾಳೆ. ಬಟ್ಟೆ ವ್ಯಾಪಾರಿಯ ಕಣ್ಣು ಬಿಟ್ಟೀತೇ? ಮಾಮ ಕಾಗದ ಬರೆದರು. ಉತ್ತರವಿಲ್ಲ. ಮತ್ತೊಂದು ಬರೆದರು. ಅದಕ್ಕೂ ಇಲ್ಲ.

"ದೊಡ್ಡವರಿಗೆ ಪುರುಸೊತ್ತು ಬೇಡ್ವಾ?" ಎಂದು ತಾವೇ ಸಮಾಧಾನ ಹೇಳಿಕೊಂಡರು.

"ಅವರಿಗಿಲ್ಲ, ನಿನಗುಂಟಲ್ಲ ಪುರುಸೊತ್ತು!" ಎಂದರು ನನ್ನ ಉಮ್ಮ, ಅಂದರೆ ನನ್ನ ತಾಯಿ, ಅವರ ತಂಗಿ.

ಅದು ತೊಂಬತ್ತರ ದಶಕ, ಕುವೈತಿನ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಹನ್ನೆರಡನೇ ಕ್ಲಾಸು ಮುಗಿಸಿದ್ದೆ. ನಮ್ಮ ಶಾಲೆಯಲ್ಲಿ ಅದಕ್ಕೇ ಗ್ರಾಜುಯೇಷನ್ ಎಂಬ ಭಾರೀ ಹೆಸರು. ಕಪ್ಪು ಗೌನು, ಟೋಪಿ ಎಲ್ಲ ಉಂಟು. ಗಲ್ಫ್ ಪ್ರವಾಸಕ್ಕೆ ಬಂದಿದ್ದ ಸಾಹಿತಿಗಳನ್ನೇ ಮುಖ್ಯ ಅತಿಥಿಯಾಗಿ ಹಿಡಿದು ತಂದಿದ್ದರು. ಸುದ್ದಿ ಕೇಳಿ ಮಾಮ ಅಂಗಡಿಗೆ ಬೀಗ ಹಾಕಿದರು, ಕೂದಲು ಕತ್ತರಿಸಿಕೊಂಡರು, ಎರಡು ತಾಸು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಕುರ್ಚಿಯ ಮೇಲೆ 'ಗಣ್ಯರಿಗೆ ಮೀಸಲು' ಎಂಬ ಚೀಟಿ ಇತ್ತಲ್ಲ? ಅದರ ಮೇಲೆಯೇ ಕೂತರು!

ಸಾಹಿತಿಗಳು ಇಂಗ್ಲಿಷಿನಲ್ಲಿ ಮಾತಾಡಿದರು. ಅದು ತಪ್ಪಲ್ಲ ಬಿಡಿ, ಸಭೆಯಲ್ಲಿ ಎಲ್ಲ ರಾಜ್ಯದವರೂ ಇದ್ದರು. ಆದರೆ ಬಾಯಿ ತೆರೆದವರೇ "ಕುವೈತಿನ ನನ್ನ ಪ್ರೀತಿಯ ಮಕ್ಕಳೇ" ಎಂದರು! ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಕೆಮ್ಮಿದರು. ಸಾಹಿತಿಗಳು ಅವರಿಗೆ ನೀರಿನ ಲೋಟ ಸರಿಸಿ, ಮತ್ತೆ ಕುವೈತ್ ಎಂದರು. ಮೂರನೇ ಸಲಕ್ಕೆ ಮುಂದಿನ ಸಾಲಿನಿಂದ ಕನ್ನಡ ಕೇಳಿಸಿತು: "ಸ್ವಾಮೀ, ಇದು ಕತಾರ್! ಕುವೈತಿಗೆ ವಿಮಾನ ಹತ್ಬೇಕು!"

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಸಾಹಿತಿಗಳು ನಮ್ಮ ಕೈಯಲ್ಲಿದ್ದ ಸರ್ಟಿಫಿಕೇಟುಗಳತ್ತ ಬೆರಳು ಮಾಡಿ, "ಅದು ಬರೀ ಪೇಪರ್, ನಥಿಂಗ್. ನನ್ನದನ್ನು ನಾನು ಎಂದೋ ಹರಿದು ಬಿಸಾಕಿದೆ. ನೀವೂ ಬಿಸಾಕಿ" ಎಂದರು. ಎಂಥ ಮಾತು! ಎರಡೆರಡು ಕಡೆ ದುಡಿದು ನಮ್ಮನ್ನು ಓದಿಸಿದ ಅಪ್ಪಂದಿರು ಎದುರಿಗೇ ಕೂತಿದ್ದರು. ಪೇಪರ್, ನಥಿಂಗ್ ಎರಡೂ ಅಂಗಡಿಯಲ್ಲಿ ಆಡುವ ಇಂಗ್ಲಿಷೇ ಆದ್ದರಿಂದ ಮಾಮನಿಗೆ ಪೂರ್ತಿ ಅರ್ಥವಾಯಿತು. ಎದ್ದು ನಿಂತರು.

"ಕಾಗದ ಅಂತ ನೀವು ಹೇಳುದಾ? ಹಾಗಾದ್ರೆ ನಿಮ್ಮ ಪುಸ್ತಕ ಎಂತದ್ರಲ್ಲಿ ಅಚ್ಚು ಹಾಕ್ತಾರೆ, ತಗಡಿನಲ್ಲಾ?"

ಸಾಹಿತಿಗಳು ಮೈಕಿನಲ್ಲಿ ನಕ್ಕರು. "ಈ ಗೆಳೆಯರು ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುವವರು ಅಂತ ಕಾಣುತ್ತದೆ!" ಇಡೀ ಸಭೆ ಗೊಳ್ಳೆಂದಿತು. ನನ್ನ ಪಕ್ಕದ ಹುಡುಗಿ "ಯಾರಪ್ಪಾ ಅದು?" ಎಂದಳು. ನಾನು "ಗೊತ್ತಿಲ್ಲ" ಎಂದೆ.

ಹೌದು, ಹಾಗೇ ಅಂದೆ. ಇವತ್ತಿಗೂ ನನಗೆ ಸಾಹಿತಿಗಳ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಆ ಒಂದು ಪದದ ಮೇಲೂ ಅಷ್ಟೇ ಇದೆ.

ಮನೆಗೆ ಬರುವಾಗ ಉಮ್ಮ ಹೇಳಿದರು: "ಮಂಗಳೂರು ಬಂದರಿನ ಆಫೀಸಲ್ಲಿ ನಿನ್ನ ಮಾಮನಿಗೆ ಕೆಲಸ ಸಿಗುದಿತ್ತು. ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಕೇಳಿದ್ರು. ಅವ ಆರಕ್ಕೇ ಬಿಟ್ಟವ. ಅದೇ ಬಂದರಲ್ಲಿ ಮೂಟೆ ಹೊತ್ತ." ಗೋಡೆಗೆ ತೂಗುಹಾಕಲು ಮಾಮನ ಹತ್ತಿರ ಏನೂ ಇರಲಿಲ್ಲ!

ಮಾಮ ಸಾಹಿತಿಗಳಿಗೆ ಬಹಿಷ್ಕಾರ ಹಾಕಿದರು. ಅವರ ಪುಸ್ತಕಗಳೆಲ್ಲ ಅಂಗಡಿಯ ಅಟ್ಟ ಸೇರಿದವು. ಎರಡು ದಿನ ಎದುರು ಬಂದ ಗಿರಾಕಿಗಳಿಗೆಲ್ಲ ಬಟ್ಟೆ ಮಾರಿದರು, ಪಾಪ! ಮೂರನೇ ದಿನ ದಿನಪತ್ರಿಕೆಯ ಹೊದಿಕೆ ಹಾಕಿದ ದಪ್ಪ ಪುಸ್ತಕವೊಂದು ಅವರ ಕೈಯಲ್ಲಿತ್ತು. ಯಾರದು ಎಂದು ಉಮ್ಮ ಕೇಳಿದರೆ "ಅವನದ್ದೇ. ಕತೆ ಅರ್ಧದಲ್ಲಿ ಉಂಟು ಮಾರಾಯ್ತಿ. ಕತೆಯ ಹುಡುಗಿ ಎಂತ ತಪ್ಪು ಮಾಡಿದ್ದಾಳೆ?" ಎಂದರು.

ಮುಂದಿನ ಶನಿವಾರ ಉಮ್ಮನನ್ನೂ ನನ್ನನ್ನೂ ಅಂಗಡಿಗೆ ಕರೆದರು. ನಾನು ಹೋದವಳೇ "ಮಾಮಾ, ಅವತ್ತು ನಾನು..." ಎಂದು ಶುರುಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕಪ್ಪು ಬಟ್ಟೆಯೊಂದನ್ನು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು. "ಅವ ನಿನ್ನ ದಿನ ಹಾಳು ಮಾಡಿದ. ಇವತ್ತು ಭಾಷಣ ನಂದು. ಸರಿಯಾಗಿ ನಿಲ್ಲು" ಎಂದು ಗದರಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಜೇಬಿನಿಂದ ಚೀಟಿ ತೆಗೆದರು. ಓದಿದರು:

"ನಮ್ಮ ಮನೆಯಲ್ಲಿ ಇಷ್ಟು ಓದಿದವಳು ನೀನೇ ಮೊದಲು. ನಿನ್ನ ಉಮ್ಮನಿಗೂ ಓದಬೇಕು ಅಂತ ಇತ್ತು. ನಮ್ಮ ಬಾಪ ತೀರಿದ ಮೇಲೆ ಅವಳ ಶಾಲೆ ಬಿಡಿಸಿದ್ದು ನಾನು. ಆಗ ನನಗೆ ಬುದ್ಧಿ ಇರಲಿಲ್ಲ. ಯಾಕೆ ಬಿಡಿಸಿದೆ ಅಂತ ಅವಳು ಒಂದು ದಿನವೂ ನನ್ನನ್ನು ಕೇಳಲಿಲ್ಲ. ನಿನ್ನ ಓದನ್ನು ಯಾರಾದರೂ ಬಿಡಿಸಲಿಕ್ಕೆ ಬಂದರೆ ನನಗೆ ಹೇಳು."

ಅಷ್ಟೇ ಭಾಷಣ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಉಮ್ಮ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಒಬ್ಬರೇ, ತುಂಬಾ ಹೊತ್ತು.